ಅಜ್ಜಿಯ ಮೊಳದಲ್ಲಿ ಕಟ್ಟಿದ ಮನೆ

ನಮ್ಮ ಮನೆಯ ಮಕ್ಕಳು ಅಮ್ಮ, ಅಪ್ಪ ಎನ್ನಲು ಕಲಿತ ಬೆನ್ನಿಗೇ ಕಲಿಯುತ್ತಿದ್ದ ಮಾತು ‘ತಲೆ’. ದೊಡ್ಡವರು ಯಾರಾದರೂ ಬಾಗಿಲ ಹತ್ತಿರ ಬಂದರೆ, ಅಲ್ಲಿದ್ದವರು ಕೈಯಲ್ಲಿ ಏನೇ ಕೆಲಸವಿರಲಿ, ಮುಖ ಎತ್ತದೆಯೇ ‘ತಲೆ’ ಎನ್ನಬೇಕು, ಬರುವವರು ಬಗ್ಗಬೇಕು. ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಅಮ್ಮ ಅನ್ನುತ್ತಿದ್ದಳು. ದೇವರ ಕೋಣೆಯಲ್ಲಿ ಕೂತ ಅಪ್ಪ ಎರಡು ಮಂತ್ರಗಳ ನಡುವೆ ಅದನ್ನೊಂದು ತೂರಿಸಿ ಮುಂದಕ್ಕೆ ಹೋಗುತ್ತಿದ್ದ. ತೊಟ್ಟಿಲಿನಲ್ಲಿ ಎದ್ದು ಕೂತ ತಮ್ಮ ‘ತಯೆ’ ಎಂದು ತೊದಲುತ್ತಿದ್ದ, ಅವನಿಗೂ ಬಗ್ಗುತ್ತಿದ್ದರು. ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೂ, ಹೈಸ್ಕೂಲಿನಲ್ಲಿ ಮೇಡಂ ಅನ್ನಿಸಿಕೊಂಡ ಮೇಲೂ ನನಗೆ ಈ ಚಟ ಬಿಡಲಿಲ್ಲ. ಆನೆ ನುಗ್ಗುವಂಥ ಬಾಗಿಲಿರುವ ಕಲ್ಯಾಣ ಮಂಟಪಗಳಲ್ಲಿ ಮುಂದೆ ಹೋಗುತ್ತಿದ್ದ ಅಪರಿಚಿತರಿಗೆ ‘ತಲೆ’ ಎಂದುಬಿಟ್ಟು, ಅವರು ನಿಂತು, ತಮ್ಮ ತಲೆ ಮುಟ್ಟಿ ನೋಡಿಕೊಂಡು, ಸರಿಯಿಲ್ಲದ್ದು ಈಕೆಯ ತಲೆಯೇ ಎಂದುಕೊಂಡು ಹೋದದ್ದುಂಟು.

ಕೊಪ್ಪದ ಪೇಟೆ ಬೀದಿಯಲ್ಲಿ ನಿಂತು ನೋಡಿದರೆ ನಮ್ಮ ಮನೆಯಲ್ಲಿ ಯಾವ ಐಬೂ ಕಾಣುವುದಿಲ್ಲ. ಮುಂದೆ ಉದ್ದಕ್ಕೆ ಜಗಲಿ, ಜಗಲಿಗೆ ಹಲಸಿನ ಮರದ ಕಂಬಗಳು, ಕಂಬದ ನೆತ್ತಿಗೆ ಬಾಳೆಮೊಗ್ಗಿನ ಕೆತ್ತನೆ, ನಡುವೆ ಹಿತ್ತಾಳೆಯ ಗುಬ್ಬಿ ಹೊಡೆದ ಹೆಬ್ಬಾಗಿಲು. ಒಳಗೆ ನಡುಮನೆ, ಅದರ ಮಧ್ಯೆ ಆಕಾಶಕ್ಕೆ ತೆರೆದ ಪುಟ್ಟ ತೊಟ್ಟಿ, ಎಡಕ್ಕೆ ದೇವರ ಕೋಣೆ, ಬಲಕ್ಕೆ ಅಡಿಗೆಮನೆ, ಮೇಲೆ ಉಪ್ಪರಿಗೆ. ಹೆಂಚು ಘಟ್ಟದ ಕೆಳಗಿನಿಂದ ಆಗುಂಬೆ ಹತ್ತಿ ಎತ್ತಿನ ಗಾಡಿಯಲ್ಲಿ ಬಂದದ್ದು. ಆಗ ಬೀದಿಯಲ್ಲಿ ಹುಲ್ಲಿನ ಮಾಡುಗಳೇ ಹೆಚ್ಚಾಗಿದ್ದುದರಿಂದ, ಕೆಂಪು ಹೆಂಚಿನ ಮನೆ ಎಂದು ಹಳ್ಳಿಗಳಿಂದ ಜನ ನೋಡಲು ಬಂದು, ಜಗಲಿಯಲ್ಲಿ ಕೂತು ಎಲೆ ಹಾಕಿಕೊಂಡು ಹೋಗುತ್ತಿದ್ದರಂತೆ. ಕಂಬಕ್ಕೆ ತಕ್ಕ ಬಾಗಿಲು, ಬಾಗಿಲಿಗೆ ತಕ್ಕ ಕಿಟಕಿ, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಮನೆ ಲಕ್ಷಣವಾಗಿದೆ. ಆದರೆ ಜಗಲಿಯ ಮೇಲೆ ಒಬ್ಬ ಗಂಡಸು ಬಂದು ನಿಂತ ಕೂಡಲೇ ಗುಟ್ಟು ರಟ್ಟಾಗುತ್ತದೆ. ಮನೆಗೆ ಮನೆಯೇ ಗಿಡ್ಡ. ಪೇಟೆಯವರು ನಮ್ಮನ್ನು ಕರೆಯುತ್ತಿದ್ದುದೇ ತಗ್ಗುಬಾಗಿಲ ಮನೆಯವರು ಎಂದು.

ಅದಕ್ಕೆ ಕಾರಣವಾದ ಕತೆಯನ್ನು ಅಜ್ಜಿ ನಮಗೆ ಎಷ್ಟು ಸಲ ಹೇಳಿದ್ದಾಳೋ, ಕೇಳಿ ಕೇಳಿ ನಾನೇ ಅಲ್ಲಿ ನಿಂತು ನೋಡಿದ ಹಾಗೆ ಆಗಿಬಿಟ್ಟಿದೆ. ಆಗಿನ ಕಾಲದಲ್ಲಿ ಮನೆ ಕಟ್ಟುವಾಗ ಯಜಮಾನನ ಬಲಗೈಯನ್ನು ಚಾಚಿಸಿ, ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಮೊಳದ ಉದ್ದಕ್ಕೆ ಆಚಾರಿ ಒಂದು ಕೋಲು ಕತ್ತರಿಸಿಕೊಳ್ಳುತ್ತಿದ್ದ. ಪಾಯದಿಂದ ಹಿಡಿದು ಮಾಡಿನವರೆಗೆ ಎಲ್ಲವೂ ಆ ಕೋಲಿನ ಲೆಕ್ಕ. ನಮ್ಮ ಅಜ್ಜ ಆರಡಿ ಆಳು. ಬಾಗಿಲು ನಾಲ್ಕು ಮೊಳ, ಕಂಬ ಇಷ್ಟು ಮೊಳ ಎಂದು ಅಜ್ಜನೂ ಆಚಾರಿಯೂ ಕೂತು ಮೊದಲೇ ಗೊತ್ತು ಮಾಡಿದ್ದರು. ಕೋಲು ಮಾಡುವ ಮುಹೂರ್ತ ನಾಳೆ ಎನ್ನುವಾಗ, ಮನೆಗೆಂದು ತರಿಸಿದ ದಿಮ್ಮಿಯ ಮೇಲೆ ಹತ್ತಿ ನಿಂತು ಆಳುಗಳಿಗೆ ಹುಕುಂ ಮಾಡುತ್ತಿದ್ದ ಅಜ್ಜ ಜಾರಿ ಬಿದ್ದು ಬಲಗೈಯನ್ನೇ ಮುರಿದುಕೊಂಡ. ಪಕ್ಕದ ನಾರ್ವೆ ಹಳ್ಳಿಯಿಂದ ಬಂದ ನಾಟಿ ವೈದ್ಯ ಸೊಪ್ಪು ಅರೆದು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ, ಕೈಯನ್ನು ಮಡಿಸಿ ಕುತ್ತಿಗೆಗೆ ನೇತುಹಾಕಿಬಿಟ್ಟ. ಎಡಗೈ ಇಂಥ ಕೆಲಸಕ್ಕೆ ಸಲ್ಲದು. ಮುಹೂರ್ತ ಬಿಟ್ಟರೆ ಮುಂದಿನ ಒಳ್ಳೆಯ ದಿನ ಮಳೆಗಾಲ ಕಳೆದ ಮೇಲೆಯೇ. ಪುರೋಹಿತರು ಪಂಚಾಂಗ ಮಡಿಸಿಟ್ಟು, ಹೆಂಡತಿ ಎಂದರೆ ಅರ್ಧಾಂಗಿ, ಅವಳ ಕೈಯೂ ಯಜಮಾನನ ಕೈಯೇ ಎಂದು ತೀರ್ಪು ಕೊಟ್ಟರು. ಅಜ್ಜಿ ಅಜ್ಜನ ಎದೆಯವರೆಗೂ ಬರುತ್ತಿರಲಿಲ್ಲ ಎನ್ನುವುದು ಆ ಹೊತ್ತಿಗೆ ಯಾರ ತಲೆಗೂ ಬರಲಿಲ್ಲ.

“ನಂಗೆ ಆಗ ಇಪ್ಪತ್ತೂ ತುಂಬಿರ್ಲಿಲ್ಲ. ಒಳಗೆ ಹಿಟ್ಟು ಕಲೆಸ್ತಿದ್ದೆ. ಕೈ ತೊಳ್ಕೊಂಡು ಬಾ ಅಂದ್ರು, ಬಂದೆ. ಕೈ ಚಾಚು ಅಂದ್ರು, ಚಾಚಿದೆ. ನಾನು ಮನೆ ಕಟ್ಟಿದ್ದು ಅಷ್ಟೇ.”

ಲೆಕ್ಕ ಅಜ್ಜನ ಕೈಯದ್ದು, ಕೋಲು ಅಜ್ಜಿಯ ಕೈಯದ್ದು. ನಾಲ್ಕು ಮೊಳ ಎಂದರೆ ನಾಲ್ಕು ಮೊಳ ಎಂದು ಆಚಾರಿ ಅಳೆದುಕೊಂಡು ಹೋದ. ಬಾಗಿಲ ಚೌಕಟ್ಟು ಎದ್ದು ನಿಂತ ದಿನ ಅಜ್ಜ ಅದರ ಪಕ್ಕದಲ್ಲಿ ನಿಂತು ನೋಡಿ ತಬ್ಬಿಬ್ಬಾದನಂತೆ. ಆಚಾರಿ ಮಾತ್ರ ಜಗ್ಗಲಿಲ್ಲ. ಒಂದು ಮನೆಗೆ ಒಂದೇ ಕೋಲು, ನಡುವೆ ಬದಲಿಸಿದರೆ ಅಳತೆ ತಪ್ಪಿ ಮನೆಯ ಆಯ ಕೆಡುತ್ತದೆ, ಆಯ ಕೆಟ್ಟ ಮನೆಯಲ್ಲಿ ಮಕ್ಕಳು ಮರಿ ನಿಲ್ಲುವುದಿಲ್ಲ ಎಂದ. ಮಕ್ಕಳ ಮಾತು ಬಂದ ಮೇಲೆ ಅಜ್ಜ ಒಪ್ಪಿಕೊಂಡ. ಗೃಹಪ್ರವೇಶದ ದಿನ ಕಲಶ ಹಿಡಿದ ಅಜ್ಜಿ ಸಲೀಸಾಗಿ ಒಳಗೆ ಹೋದಳು. ಹಿಂದೆಯೇ ದೇವರ ಪೆಟ್ಟಿಗೆ ಹೊತ್ತು ಬಂದ ಅಜ್ಜನ ಹಣೆ ಚೌಕಟ್ಟಿಗೆ ಢಬ್ಬೆಂದು ಬಡಿಯಿತು. ಓಲಗದವರು ಊದುವುದನ್ನು ನಿಲ್ಲಿಸಿಬಿಟ್ಟರು. ಅಜ್ಜ ಹಣೆ ಉಜ್ಜಿಕೊಂಡು, ಬಂದ ನೆಂಟರನ್ನೆಲ್ಲ ಒಮ್ಮೆ ನೋಡಿ, ಜೋರಾಗಿ ನಕ್ಕನಂತೆ.

“ಮನೆ ಯಾರದ್ದು ಅಂತ ಇವತ್ತೇ ಗೊತ್ತಾಯ್ತಲ್ಲ, ಒಳ್ಳೇದಾಯ್ತು.”

ಅಜ್ಜನನ್ನು ನಾನು ನೋಡಿದವಳಲ್ಲ. ಆದರೆ ಆ ನಗುವಿನಿಂದಲೇ ಅವನ ಮೇಲೆ ನನಗೆ ಪ್ರೀತಿ. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯ ಕೈಯನ್ನು ಸಾಯುವವರೆಗೂ ಆಡಿಕೊಳ್ಳುತ್ತಿದ್ದರು. ಅಜ್ಜ ಬಾಗಿಲಲ್ಲಿ ಬಗ್ಗುವುದನ್ನು ಕಲಿತ, ಎಚ್ಚರಿಸಲು ಅಜ್ಜಿ ‘ತಲೆ’ ಎನ್ನುವುದನ್ನು ಕಲಿತಳು. ನಮ್ಮ ಮನೆಯ ಮಾತು ಹುಟ್ಟಿದ್ದು ಹೀಗೆ.

ಗಂಡಸರಿಗೆ ಗಂಡಾಂತರವಾದ ಈ ಮನೆ ನನಗೆ ಮಾತ್ರ ಸ್ವರ್ಗ. ನಾನು ಅಜ್ಜಿಯ ಗಿಡ್ಡ ಮೈಕಟ್ಟನ್ನೇ ಹೊತ್ತು ಬಂದವಳು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮೊದಲನೆಯವಳು, ಗುಬ್ಬಚ್ಚಿ ಎಂದು ಅಡ್ಡಹೆಸರು. ಮನೆಗೆ ಬಂದರೆ ಎಲ್ಲವೂ ಕೈಗೆಟುಕುತ್ತಿತ್ತು. ಬಾಗಿಲ ಮೇಲಿನ ಅಗುಳಿ ನಾನೇ ತೆಗೆಯುತ್ತಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಏಣಿ ಮಣೆ ಇಲ್ಲದೆ ಹತ್ತಿ ಕೂತು ಬೀದಿ ನೋಡುತ್ತಿದ್ದೆ. ಬೇರೆಯವರ ಮನೆಗಳಲ್ಲಿ ಮಕ್ಕಳಿಗೆ ಸಿಗಬಾರದೆಂದು ಉಪ್ಪಿನಕಾಯಿ ಭರಣಿಯನ್ನೂ ಬೆಲ್ಲದ ಡಬ್ಬಿಯನ್ನೂ ಮೇಲಿನ ನಾಗಂದಿಗೆಯ ಹಲಗೆಯಲ್ಲಿ ಇಡುತ್ತಾರೆ. ನಮ್ಮಲ್ಲೂ ಇಡುತ್ತಿದ್ದರು. ಆದರೆ ಅದು ಅಜ್ಜಿ ಕೈ ಎತ್ತಿದರೆ ಸಿಗುವ ನಾಗಂದಿಗೆ, ನಾನು ಒಂದು ಸಲ ಹಾರಿದರೆ ಸಾಕು. ಬೆಲ್ಲ ಕಡಿಮೆಯಾದದ್ದು ಕಂಡಾಗ ಅಮ್ಮ ಗದರುತ್ತಿದ್ದಳು, ಅಜ್ಜಿ ಮಾತ್ರ ನನ್ನ ಕಡೆ ನೋಡದೆ, ಆಚಾರಿ ಯಾರಿಗೋಸ್ಕರ ಕಟ್ಟಿದ ಅಂತ ಈಗ ಗೊತ್ತಾಗ್ತಿದೆ ಎನ್ನುತ್ತಿದ್ದಳು. ಲೋಕವನ್ನು ನನ್ನ ಅಳತೆಗೇ ಮಾಡಿಟ್ಟಿದ್ದಾರೆ, ಎತ್ತರದವರೇ ಸ್ವಲ್ಪ ತೊಂದರೆಯ ಜನ ಎಂದು ನಂಬಿಕೊಂಡೇ ನಾನು ಬೆಳೆದೆ. ಮುಂದೆ ಪಾಠ ಹೇಳಲು ತರಗತಿಗೆ ಹೋದಾಗ ಹಿಂದಿನ ಬೆಂಚಿನ ಹುಡುಗರು ನನಗಿಂತ ಒಂದೂವರೆ ಪಾಲು ಇದ್ದರೂ ನನಗೆ ಒಂದು ದಿನವೂ ಅಳುಕು ಬರಲಿಲ್ಲ. ಧೈರ್ಯ ಎನ್ನುವುದು ಏನಾದರೂ ನನ್ನಲ್ಲಿದ್ದರೆ ಅದು ಆ ಕೈಗೆಟುಕುವ ನಾಗಂದಿಗೆಯಿಂದ ಬಂದದ್ದು.

ಮನೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿದ್ದವಳು ಸಾವಿತ್ರತ್ತೆ. ಅಪ್ಪನ ಕೊನೆಯ ತಂಗಿ, ಅಜ್ಜಿಯ ಕಡೆಗೂಸು, ಅಜ್ಜನ ಎತ್ತರವನ್ನು ಪೂರ್ತಿ ಬಾಚಿಕೊಂಡು ಹುಟ್ಟಿದವಳು. ಅಡಿಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ತೊಟ್ಟಿಗೆ ಬಗ್ಗಿ ಎದ್ದು ಬಗ್ಗಿ ಎದ್ದು ಓಡಾಡುತ್ತ, ಹಾಡು ಹೇಳುತ್ತಿದ್ದರೆ ಬಾಗಿಲು ಬಂದಲ್ಲಿ ಹಾಡೂ ಒಮ್ಮೆ ಬಗ್ಗಿ ಏಳುತ್ತಿತ್ತು. ಅವಳಿಗೆ ಗಂಡು ಹುಡುಕುವುದು ಅಪ್ಪನಿಗೆ ತಲೆನೋವಾಯಿತು. ಅವಳಿಗಿಂತ ಎತ್ತರದ ಹುಡುಗ ಬೇಕು, ಆ ಎತ್ತರದ ಹುಡುಗ ನಮ್ಮ ಬಾಗಿಲಲ್ಲಿ ತಲೆ ಒಡೆದುಕೊಳ್ಳದೆ ಒಳಗೆ ಬರಬೇಕು. ಬರುವವರಿಗೆ ಮೊದಲೇ ಹೇಳಿದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಅಪ್ಪ ಮರ್ಯಾದೆಯ ಮನುಷ್ಯ.

“ಹೆಣ್ಣು ನೋಡಕ್ಕೆ ಬಂದೋರಿಗೆ ಹೊಸಿಲಲ್ಲೇ ಹಿಂಗೆ ಮಾಡಿ ಹಂಗೆ ಮಾಡಿ ಅಂತ ಹೇಳೋದುಂಟಾ? ಬೀಗರಾಗೋ ಜನ. ಅವತ್ತೊಂದಿನ ಯಾರೂ ತಲೆ ಗಿಲೆ ಅನ್ನಬಾರ್ದು, ನೋಡಿ.”

ಹಾಗಾಗಿ ದಿನಾ ಪೇಪರಿನವನಿಗೂ ಹಾಲಿನವನಿಗೂ ‘ತಲೆ’ ಎನ್ನುತ್ತಿದ್ದ ನಾವು, ಯಾರಿಗೆ ಹೇಳಲೇಬೇಕಿತ್ತೋ ಅವರು ಬಂದಾಗ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡು ನಿಂತೆವು. ಮೊದಲು ಕಮ್ಮರಡಿಯವರು ಬಂದರು. ಹುಡುಗನ ಅಪ್ಪನ ನೆತ್ತಿ ಚೌಕಟ್ಟಿಗೆ ಬಡಿಯಿತು. ಅವರು ನಿಂತಲ್ಲೇ ಅಪಶಕುನ ಎಂದು ಜಗಲಿಗೆ ಹಿಂದಿರುಗಿ ನೀರು ಕುಡಿದು ಹೋದರು. ಎರಡನೆಯ ಸಲ ಹುಡುಗನೇ ಬಡಿಸಿಕೊಂಡ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬೋರೆ ಎದ್ದು, ಅವನು ಒದ್ದೆ ಬಟ್ಟೆ ಒತ್ತಿಕೊಂಡು ಒಂದೇ ಕಣ್ಣಿನಲ್ಲಿ ಅತ್ತೆಯನ್ನು ನೋಡಿದ. ನನ್ನ ತಮ್ಮ ನಗು ತಡೆಯಲಾರದೆ ಹಿತ್ತಲಿಗೆ ಓಡಿದ. ಆ ಮನೆಯಿಂದ ಹೂಂ ಅಂತಲೂ ಬರಲಿಲ್ಲ, ಉಹೂಂ ಅಂತಲೂ ಬರಲಿಲ್ಲ.

ಮೂರನೆಯ ಪ್ರಸ್ತಾಪ ಅಡ್ಡಗದ್ದೆ ಕಡೆಯದ್ದು. ಹುಡುಗ ನರಸಿಂಹರಾಜಪುರದಲ್ಲಿ ಗಣಿತದ ಮೇಷ್ಟ್ರು, ನಮ್ಮ ಬಾಗಿಲಿಗಿಂತ ಎರಡು ಗೇಣು ಎತ್ತರ ಎಂದು ಸುದ್ದಿ ತಂದ ನೆಂಟರು ಹೇಳಿದರು. ಅತ್ತೆ ಅವನನ್ನು ಶೃಂಗೇರಿಯಲ್ಲಿ ನವರಾತ್ರಿಯ ಹೊತ್ತಿಗೆ, ತುಂಗೆಯ ಮೆಟ್ಟಿಲಿನ ಮೇಲೆ ಅವನು ಮೀನಿಗೆ ಮಂಡಕ್ಕಿ ಹಾಕುತ್ತ ನಿಂತಿದ್ದಾಗ ಒಮ್ಮೆ ನೋಡಿದ್ದಳು. ಅಮ್ಮ ಅವಳ ತಲೆ ಬಾಚುತ್ತಿದ್ದಾಗ ಅವಳು ಅಂದದ್ದು ಪಕ್ಕದಲ್ಲಿ ಮೊಗ್ಗು ಕಟ್ಟುತ್ತಿದ್ದ ನನ್ನ ಕಿವಿಗೂ ಬಿತ್ತು.

“ಅತ್ತಿಗೆ, ಹುಟ್ಟಿದಾಗಿಂದ ಎಲ್ಲರ ಹತ್ರನೂ ಬಗ್ಗಿನೇ ಮಾತಾಡಿದೀನಿ. ಅವರ ಹತ್ರ ಆದ್ರೆ ಕತ್ತೆತ್ತಿ ಮಾತಾಡ್ಬಹುದು.”

ಅಮ್ಮ ಬಾಚಣಿಗೆ ಹಿಡಿದ ಕೈ ನಿಲ್ಲಿಸಿ ಅವಳ ಭುಜ ಒತ್ತಿದಳು. ಆ ರಾತ್ರಿಯ ಊಟಕ್ಕೆ ಮೊದಲೇ ವಿಷಯ ಅಪ್ಪನಿಗೆ ಮುಟ್ಟಿತು. ಅಪ್ಪ ಅನ್ನ ಕಲೆಸುತ್ತ, ಈ ಸಲ ಬಾಗಿಲನ್ನೇ ಎತ್ತರಿಸುತ್ತೇನೆ, ಮೇಲಿನ ಅಡ್ಡಪಟ್ಟಿ ಕುಯ್ಯಿಸಿ ತೆಗೆದರಾಯಿತು ಎಂದ. ಅಜ್ಜಿ ಏನೂ ಹೇಳದೆ ಅವನಿಗೆ ಇನ್ನೊಂದು ಸೌಟು ತಂಬುಳಿ ಬಡಿಸಿದಳು. ಅಜ್ಜಿ ಏನೂ ಹೇಳದಿದ್ದರೆ ಅದು ಒಪ್ಪಿಗೆಯಲ್ಲ ಎಂದು ಅಪ್ಪನಿಗೆ ತಿಳಿದಿರಬೇಕಿತ್ತು.

ಹುಡುಗನ ಕಡೆಯವರು ಬರುವ ಮುನ್ನಾದಿನ ಬೆಳಿಗ್ಗೆ ಪೇಟೆಯ ಆಚಾರಿಯೊಬ್ಬ ಗರಗಸ ತಂದು, ಮಣೆಯ ಮೇಲೆ ನಿಂತು, ಅಡ್ಡಪಟ್ಟಿಗೆ ಹಲ್ಲು ಹಚ್ಚಿದ. ಎರಡೆಳೆತ ಆಗಿತ್ತೋ ಇಲ್ಲವೋ, ಅಜ್ಜಿ ಒಳಗಿನಿಂದ ಮೆಲ್ಲಗೆ ಬಂದು ಹೊಸಿಲ ಮೇಲೆ ಕೂತುಬಿಟ್ಟಳು. ಹೊಸಿಲ ಮೇಲೆ ಕೂರಬಾರದು ಎಂದು ನಮ್ಮ ಬೆನ್ನಿಗೆ ಬೀಸಣಿಗೆಯಲ್ಲಿ ಬಿಗಿದವಳೇ ಅವಳು. ಮೇಲಿನಿಂದ ಮರದ ಪುಡಿ ಅವಳ ಬಿಳಿ ಕೂದಲ ಮೇಲೆ ಉದುರಿತು. ಆಚಾರಿ ಗರಗಸವನ್ನು ಹಾಗೆಯೇ ಹಿಡಿದು ಅಪ್ಪನ ಮುಖ ನೋಡಿದ. ನಲವತ್ತು ದಾಟಿದ ಅಪ್ಪನನ್ನು ಅಜ್ಜಿ ಇನ್ನೂ ಚಿಕ್ಕ ಹುಡುಗನನ್ನು ಕರೆದ ಹಾಗೆ ಮಾಣಿ ಎಂದೇ ಕರೆಯುತ್ತಿದ್ದಳು.

“ಮಾಣಿ, ನಿನ್ನಪ್ಪ ಇದೇ ಬಾಗಿಲಿಗೆ ಬಡಿಸ್ಕೊಂಡು ನಕ್ಕೋರು. ನಗಕ್ಕೆ ಬಾರದೋನಿಗೆ ನನ್ನ ಕೂಸನ್ನ ಕೊಡಲ್ಲ.”

“ಅಮ್ಮ, ಇದು ತಮಾಷೆ ಅಲ್ಲ. ಈ ಸಂಬಂಧನೂ ತಪ್ಪಿದ್ರೆ ಅವಳ ಗತಿ ಎಂತ?”

“ಬಾಗಿಲು ಕುಯ್ದ್ರೆ ನಡುಮನೆ ತೊಲೆ ಎಂತ ಮಾಡ್ತೀಯ? ದೇವರ ಕೋಣೆ? ಊಟದ ಹೊತ್ತಿಗೆ ಅಡಿಗೆಮನೆ? ಇಡೀ ಮನೆ ಕುಯ್ತೀಯನಾ?”

ಅಜ್ಜಿ ಎದ್ದೇಳುವ ಲಕ್ಷಣವೇ ಇರಲಿಲ್ಲ. ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡಳು, ಆಚಾರಿಗೂ ಕೊಡಿಸಿದಳು. ಆಚಾರಿ ಕಾಫಿ ಕುಡಿದು ಗರಗಸ ಸುತ್ತಿಕೊಂಡು ಹೋದ. ಅಡ್ಡಪಟ್ಟಿಯಲ್ಲಿ ಬೆರಳ ಉಗುರು ಹೋಗುವಷ್ಟು ಕುಯ್ತ ಉಳಿಯಿತು. ನಾಳೆ ಏನಾದರೂ ಆದರೆ ಹೊಣೆ ನಿನ್ನದೇ ಎಂದು ಅಪ್ಪ ಅಂಗಿ ಹಾಕಿಕೊಂಡು ಪೇಟೆಗೆ ಹೊರಟ. ಹೊರಡುವಾಗ ಸಿಟ್ಟಿನಲ್ಲಿ ಬಗ್ಗಲು ಮರೆತು ತಾನೇ ಢಬ್ಬೆಂದು ಬಡಿಸಿಕೊಂಡ. ಯಾರೂ ನಗಲಿಲ್ಲ. ಅಂದರೆ, ಅವನು ತಿರುವು ದಾಟುವವರೆಗೆ ನಗಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಮನೆ ತುಂಬ ಒತ್ತುಶ್ಯಾವಿಗೆಯ ಹಬೆ. ಜೊತೆಗೆ ಕಾಯಿಹಾಲು, ಮಾವಿನಕಾಯಿ ಚಿತ್ರಾನ್ನ. ಬಾಗಿಲಿಗೆ ಅಮ್ಮ ಮಾವಿನೆಲೆಯ ತೋರಣವನ್ನು ಬೇಕೆಂದೇ ಇಳಿಬಿಟ್ಟು ಕಟ್ಟಿದ್ದಳು, ಎಲೆ ಕಂಡಾದರೂ ಬಗ್ಗಲಿ ಎಂದು. ಅಪ್ಪ ಬಂದು, ಇದೆಂತ ಮುಖಕ್ಕೆ ಹೊಡೆಯೋ ಹಾಗೆ ಎಂದು ಅದನ್ನು ಮೇಲಕ್ಕೆ ಕಟ್ಟಿಸಿದ. ಶೃಂಗೇರಿ ಬಸ್ಸು ಇಳಿದು ಹುಡುಗ, ಅವನ ತಾಯಿ, ಸೋದರಮಾವ ಮೂವರೂ ಬೀದಿಯಲ್ಲಿ ನಡೆದು ಬರುತ್ತಿದ್ದುದು ಕಿಟಕಿಯ ಕಟ್ಟೆಯಿಂದ ನನಗೆ ಕಂಡಿತು. ಹುಡುಗ ನಿಜಕ್ಕೂ ಉದ್ದ. ಜಗಲಿ ಹತ್ತಿ, ಕಾಲು ತೊಳೆದು, ಒರೆಸಿಕೊಂಡು, ಎಲ್ಲರಿಗೂ ಕೈಮುಗಿಯುತ್ತ ಅವನು ಬಾಗಿಲ ಕಡೆ ನಡೆದ. ಅವನ ಕಣ್ಣು ಕಂಬದ ಬಾಳೆಮೊಗ್ಗಿನ ಮೇಲಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಅಷ್ಟರಲ್ಲಿ ಅಡಿಗೆಮನೆಯಿಂದ, ಮದುವೆಯಾಗಬೇಕಾದ ಹುಡುಗಿ ಕರೆಯುವವರೆಗೂ ತುಟಿ ಬಿಚ್ಚಬಾರದ ಆ ಕೋಣೆಯಿಂದ, ಗಟ್ಟಿಯಾಗಿ ಕೇಳಿತು.

“ತಲೆ.”

ಹುಡುಗ ತಟ್ಟನೆ ಬಗ್ಗಿದ. ಚೌಕಟ್ಟು ಅವನ ಕ್ರಾಪಿಗೆ ಸವರಿದ ಹಾಗಾಗಿ ಅವನು ಒಳಗೆ ಬಂದು ನೆಟ್ಟಗಾದ. ಹುಡುಗನ ತಾಯಿ, ಅಜ್ಜಿಯಷ್ಟೇ ಪುಟ್ಟ ಹೆಂಗಸು, ಅತ್ತಿತ್ತ ನೋಡಿ ಕೇಳಿದರು.

“ಯಾರದು ಹೇಳಿದ್ದು?”

ಅಪ್ಪ ಕ್ಷಮೆ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಸಾವಿತ್ರತ್ತೆ ಅಕ್ಕಿಹಿಟ್ಟು ಮೆತ್ತಿದ ಕೈಯಲ್ಲೇ ಅಡಿಗೆಮನೆಯ ಬಾಗಿಲಲ್ಲಿ ಬಗ್ಗಿ ಹೊರಗೆ ಬಂದು ನಿಂತಳು. ಸೀರೆಯನ್ನೂ ಬದಲಿಸಿರಲಿಲ್ಲ.

“ನಾನು.”

ಹುಡುಗ ಅವಳನ್ನು ನೋಡಿದ. ಅವಳು ಕತ್ತೆತ್ತಿ ಅವನನ್ನು ನೋಡಿದಳು. ಆಮೇಲೆ ಅವನು ತಾಯಿಯ ಕಡೆ ತಿರುಗಿದ.

“ಅಮ್ಮ, ಎಲ್ಲಾ ಮನೇಲೂ ಬಡಿದ ಮೇಲೆ ಅಯ್ಯೋ ಅಂತಾರೆ. ಬಡಿಯೋಕೆ ಮುಂಚೆ ಹೇಳಿದೋರು ಇವರೊಬ್ರೇ.”

ಅವನ ಸೋದರಮಾವನಿಗೆ ಮೊದಲು ನಗು ಬಂತು, ಆಮೇಲೆ ಎಲ್ಲರಿಗೂ. ಅಪ್ಪನಂತೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕ, ಅದು ನಗುವೋ ಬೇರೆ ಏನೋ ನನಗೆ ಗೊತ್ತಾಗಲಿಲ್ಲ. ಅಜ್ಜಿ ಶ್ಯಾವಿಗೆ ಬಡಿಸುವ ಮೊದಲೇ ಮನೆಯ ಕತೆ ಶುರು ಮಾಡಿದಳು. ಹುಡುಗನ ತಾಯಿ ನಂಬಲಿಲ್ಲ. ಅಜ್ಜಿ ಅವರ ಕೈ ಹಿಡಿದು ಹೆಬ್ಬಾಗಿಲಿಗೆ ಕರೆದುಕೊಂಡು ಹೋಗಿ, ಕೆಳಗಿನಿಂದ ಚೌಕಟ್ಟಿಗೆ ಮೊಣಕೈ ಊರಿ ಅಳೆದು ತೋರಿಸಿದಳು, ಸರಿಯಾಗಿ ನಾಲ್ಕು. ಅವರಿಗೂ ಚಪಲ ಬಂದು ತಮ್ಮ ಕೈಯಲ್ಲೂ ಅಳೆದರು. ಅವರದ್ದೂ ಸರಿಯಾಗಿ ನಾಲ್ಕು.

“ಇನ್ನು ಜಾತಕ ಎಂತಕ್ಕೆ ಮಾರಾಯ್ತಿ?” ಎಂದಳು ಅಜ್ಜಿ. “ಮೊಳವೇ ಕೂಡಿಬಂತಲ್ಲ.”

ಮದುವೆ ಆ ಬೇಸಿಗೆಯಲ್ಲೇ, ಅದೇ ಜಗಲಿಯಲ್ಲಿ ಆಯಿತು. ಬೀಗರು ಒಬ್ಬೊಬ್ಬರಾಗಿ ಒಳಗೆ ಬರುವಾಗ ಅಪ್ಪನೇ ಬಾಗಿಲ ಪಕ್ಕ ನಿಂತು, ಪನ್ನೀರು ಚಿಮುಕಿಸುತ್ತ, ಒಬ್ಬರನ್ನೂ ಬಿಡದೆ ‘ತಲೆ’ ಎಂದ.

ಮನೆ ಈಗಲೂ ಹಾಗೆಯೇ ಇದೆ. ತಮ್ಮನ ಮಗ, ಸೊಸೆ, ಮಕ್ಕಳು ತುಂಬಿಕೊಂಡಿದ್ದಾರೆ. ಫ್ರಿಜ್ಜನ್ನು ಮಲಗಿಸಿ ಒಳಗೆ ತಂದರು. ಕಬ್ಬಿಣದ ಬೀರು ಯಾವ ಬಾಗಿಲಿನಲ್ಲಿಯೂ ತೂರದೆ ಜಗಲಿಯಲ್ಲೇ ಉಳಿದು, ಮಕ್ಕಳ ಕ್ರಿಕೆಟ್ ಬ್ಯಾಟಿಗೂ ಹಳೇ ಪೇಪರಿಗೂ ಮನೆಯಾಗಿದೆ. ಈ ವರ್ಷ ತಮ್ಮನ ಮೊಮ್ಮಗನ ಉಪನಯನಕ್ಕೆ ಸಾವಿತ್ರತ್ತೆಯೂ ಮಾವನೂ ನರಸಿಂಹರಾಜಪುರದಿಂದ ಕಾರಿನಲ್ಲಿ ಬಂದರು. ಅತ್ತೆ ಸರಸರನೆ ಒಳಗೆ ಹೋದಳು. ಮಾವನಿಗೆ ಎಂಬತ್ತು ದಾಟಿದೆ, ಬೆನ್ನು ಬಿಲ್ಲಿನ ಹಾಗೆ ಬಾಗಿದೆ, ಕೈಯಲ್ಲಿ ಊರುಗೋಲು. ನಾನು ಜಗಲಿಯಲ್ಲಿ ಹೂವು ಬಿಡಿಸುತ್ತ ಕೂತಿದ್ದವಳು ಅಭ್ಯಾಸಬಲದಿಂದ ಬಾಯಿ ತೆರೆದೆ. ಮಾವ ಕೈ ಎತ್ತಿ ನನ್ನನ್ನು ತಡೆದರು. ಬಾಗಿಲಿಗೆ ಬಂದು, ಆದಷ್ಟು ನೆಟ್ಟಗೆ ನಿಂತರು. ಅವರ ನೆತ್ತಿಗೂ ಅಡ್ಡಪಟ್ಟಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ಹಳೆಯ ಗರಗಸದ ಕುಯ್ತವನ್ನು ಬೆರಳಿನಿಂದ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಬಹುಮಾನ ಗೆದ್ದ ಹುಡುಗನ ಖುಷಿ.

“ನೋಡಿದ್ಯನಾ ಶಾರದೆ? ಇಷ್ಟು ವರ್ಷಕ್ಕೆ ನಿಮ್ಮಜ್ಜಿ ಅಳತೆಗೆ ಬಂದೆ. ಇನ್ನು ನಂಗೆ ಯಾರೂ ಹೇಳೋದು ಬೇಡ.”

ಹೌದು ಮಾವ ಎಂದೆ ನಾನು. ಅವರು ಊರುಗೋಲು ಎತ್ತಿ ಹೊಸಿಲ ಆಚೆ ಇಟ್ಟರು. ಆಗ ಅಡಿಗೆಮನೆಯಿಂದ, ಅತ್ತೆ ಮುಖ ಎತ್ತಿರಲಾರಳು, ಕೈಯಲ್ಲಿ ಏನೋ ಕೆಲಸವಿದ್ದಿರಬೇಕು, ಅದೇ ಗಟ್ಟಿ ದನಿ ಬಂತು.

“ತಲೆ.”

ಮಾವ ಬಗ್ಗಿದರು. ಬಗ್ಗಿಕೊಂಡೇ ಒಳಗೆ ಹೋದರು.